ಗೊತ್ತಿಲ್ಲ ಎನ್ನಲು ಕಲಿತವಳು

ಕಾಂದಿವಲಿ, ಮುಂಬಯಿ
೨೨-೨-೧೯೭೨

ಪ್ರೀತಿಯ ಮಲ್ಲಕ್ಕನಿಗೆ,

ನಿನ್ನ ಸೊಂಟದ ನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿ ಗೋಡೆಯ ಮಾಡದಲ್ಲೇ ಕೂತಿದೆಯೋ? ಅವ್ವನ ಕೆಮ್ಮು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ನಿನ್ನ ಮಗಳು ನೀಲಾ ಚೆನ್ನಾಗಿದ್ದಾಳೆ. ಮುಂದಿನದನ್ನು ಕೇಳುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದೆಂದು ಇದನ್ನು ಮೊದಲೇ ಬರೆದೆ. ಬರೆಯಬೇಡ ಎಂದು ಅವ್ವ ಬೆಳಗಿನಿಂದ ಹೇಳುತ್ತಿದ್ದಾಳೆ. ಮುಚ್ಚಿಡುವುದು ನನ್ನಿಂದಾಗದು.

ಮಾವನ ಕಾರ್ಡು ಬಂತು. ಊರಿನ ಗುರಲಿಂಗಪ್ಪ ಇಲ್ಲಿಗೆ ಬಂದಾಗ ನೀಲಾಳಿಗೆ ಹದಿನೆಂಟರ ಮಗ್ಗಿ ಕೇಳಿದ್ದು, ಅವಳು ‘ಗೊತ್ತಿಲ್ಲ, ತಡೀರಿ, ಕೂಡಿಸಿ ಹೇಳ್ತೀನಿ’ ಎಂದದ್ದು ನಿಜ. ಅವನು ತಡೆಯಲಿಲ್ಲ, ಊರಿಗೆ ಹೋಗಿ ಹೇಳಿದ. ‘ಸಾಲಿ ಬಿಟ್ಟಾಂವ ನನ್ನ ಮಗಳಿಗೆ ಗೊತ್ತಿಲ್ಲ ಅನ್ನೂದಷ್ಟ ಕಲಿಸ್ಯಾನ, ಬಂದು ಕರಕೊಂಡು ಹೊಕ್ಕೀನಿ, ಸಾಲಿ ಸಾಕು’ ಎಂದು ಮಾವ ಬರೆಸಿದ್ದಾರೆ. ಹೌದು, ಕಲಿಸಿದ್ದು ನಾನೇ. ಶಾಲೆಗೆಂದು ಇಲ್ಲಿಗೆ ಬಂದ ಹೊಸದರಲ್ಲಿ ಅವಳಿಗೆ ಎಲ್ಲವೂ ಬಾಯಿಪಾಠ. ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ಸ್ಟೇಷನ್ನುಗಳನ್ನು ಹಾಡಿನಂತೆ ಹೇಳುತ್ತಿದ್ದಳು. ಅವ್ವ ಚಾಳಿನವರನ್ನೆಲ್ಲ ಕರೆದು ಕೇಳಿಸುತ್ತಿದ್ದಳು. ಆದರೆ ನಡುವೆ ತಡೆದು ಏನಾದರೂ ಕೇಳಿದರೆ ಬಾಯಿ ಕಟ್ಟುತ್ತಿತ್ತು, ಅಂಗೈ ತಾನಾಗಿ ಮುಂದೆ ಬರುತ್ತಿತ್ತು, ಊರಿನ ಶಾಲೆಯ ಬೆತ್ತದ ಏಟಿಗೆ. ಆ ಅಂಗೈಯನ್ನು ನಾನು ಬಲ್ಲೆ. ಅದರಿಂದಲೇ ನಾನು ಶಾಲೆ ಬಿಟ್ಟು, ಇಲ್ಲಿ ಬಂದು ಕಾರ್ಖಾನೆಯಿಂದ ಕಾರ್ಖಾನೆಗೆ ಹಾರುತ್ತಿರುವುದು.

ಹಾಗಾಗಿ ಮನೆಯಲ್ಲಿ ಒಂದು ಪದ್ಧತಿ ಮಾಡಿದೆ. ರೊಟ್ಟಿ ತಟ್ಟೆಗೆ ಬೀಳುವ ಮೊದಲು ಪ್ರತಿಯೊಬ್ಬರೂ ಆ ದಿನದ ಒಂದು ತಪ್ಪು ಹೇಳಬೇಕು, ಅದು ಹೇಗೆ ತಿಳಿಯಿತು, ಯಾರನ್ನು ಕೇಳಿದೆವು ಎಂದೂ ಹೇಳಬೇಕು. ಅವ್ವ ಮೊದಮೊದಲು ‘ನಿಮ್ಮಪ್ಪನ್ನ ಕಟಗೊಂಡಿದ್ದೊಂದು ಬಿಟ್ಟರ ನಂದೇನೂ ತಪ್ಪಿಲ್ಲ’ ಎನ್ನುತ್ತಿದ್ದಳು. ಈಗ ಉಪ್ಪು ಎರಡು ಸಲ ಹಾಕಿದ್ದನ್ನು ತಾನೇ ಹೇಳಿ ನಗುತ್ತಾಳೆ. ನೀಲಾ ಬಹಳ ದಿನ ಸುಮ್ಮನೇ ಕೂತಿದ್ದಳು. ಆಮೇಲೆ ಬಾಯಿ ಬಿಟ್ಟವಳು ಇನ್ನೂ ಮುಚ್ಚಿಲ್ಲ.

ಮೊನ್ನೆ ಭಾನುವಾರ ಅವಳನ್ನು ದಾದರ್ ಪೇಟೆಗೆ ಕರೆದೊಯ್ದಿದ್ದೆ. ನೀನು ನೋಡಿದ್ದೀಯಲ್ಲ, ಅಲ್ಲಿ ನಮ್ಮ ಲೈನಿನ ಪಕ್ಕದಲ್ಲೇ ಸೊಲ್ಲಾಪುರದ ಕಡೆಯ ಗಾಡಿಗಳ ಲೈನೂ ಇದೆ, ಎರಡಕ್ಕೂ ಮೇಲೊಂದೇ ಸೇತುವೆ. ಮರಳುವಾಗ ಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ಅವಳ ಕೈ ತಪ್ಪಿತು. ನಾನು ಹಿಂದೆಯೇ ಇದ್ದೇನೆಂದು ನಂಬಿ ಅವಳು ಜನರ ಜೊತೆ ಇಳಿದು ಆಚೆ ಲೈನಿನ ಲೋಕಲ್ ಹತ್ತಿಬಿಟ್ಟಳು. ನಾನು ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಅವಳ ಹೆಸರು ಕೂಗುತ್ತ ಓಡಿದೆ, ಪೊಲೀಸನಿಗೆ ಹೇಳಿದೆ. ಅಕ್ಕಾ, ನಿನಗೆ ಏನೆಂದು ಬರೆಯಲಿ ಎಂದು ಯೋಚಿಸುತ್ತ ಕೊನೆಗೆ ಸೇತುವೆಯ ಮೆಟ್ಟಿಲಿನ ಮೇಲೆ ಕೂತೆ.

ಅಷ್ಟರಲ್ಲಿ ಅತ್ತ ಅವಳ ಹಾಡಿನಲ್ಲಿದ್ದಂತೆ ದಾದರ್ ಆದಮೇಲೆ ಮಾಟುಂಗಾ ಬಂತಂತೆ, ಧೈರ್ಯವಾಯಿತಂತೆ. ಮಾಟುಂಗಾ ಹೆಸರಿನ ಸ್ಟೇಷನ್ನು ಎರಡೂ ಲೈನಿನಲ್ಲಿದೆ, ಅದು ಅವಳಿಗೆ ತಿಳಿಯದು. ಮುಂದೆ ಮಾಹಿಮ್ ಬರಬೇಕಿತ್ತು, ಸಾಯನ್ ಬಂತು. ಹಳೆಯ ನೀಲಾ ಆಗಿದ್ದರೆ ಅಂಗೈ ಚಾಚಿ ಅಳುತ್ತ ಕಲ್ಯಾಣದವರೆಗೂ ಹೋಗುತ್ತಿದ್ದಳು. ಇವಳು ಅಲ್ಲೇ ಇಳಿದು, ಮೀನುಬುಟ್ಟಿಯ ಮುದುಕಿಯೊಬ್ಬಳಿಗೆ ‘ಮಾವಶಿ, ಮಲಾ ಮಾಹೀತ್ ನಾಹೀ’, ನನಗೆ ಗೊತ್ತಿಲ್ಲ, ಎಂದು ದಾದರಿನ ದಾರಿ ಕೇಳಿದಳಂತೆ. ಆಕೆ ಬೈಯುತ್ತಲೇ ಕೈ ಹಿಡಿದು ಎದುರಿನ ಪ್ಲಾಟ್‌ಫಾರ್ಮಿಗೆ ದಾಟಿಸಿ ಗಾಡಿ ಹತ್ತಿಸಿದ್ದಾಳೆ. ಕೈ ತಪ್ಪಿದ ಜಾಗಕ್ಕೇ ನೀಲಾ ತಿರುಗಿ ಬಂದಳು. ನನ್ನನ್ನು ಕಂಡವಳೇ ‘ಮಾಮಾ, ಇವತ್ತಿಂದು ನನ್ನ ತಪ್ಪು ಸಿಕ್ತು. ಹಾಡು ಒಂದ, ಗಾಡಿ ಎರಡು’ ಎಂದಳು. ಆಮೇಲೆ ‘ನಿಂದೇನು?’ ಎಂದು ಕೇಳಿದಳು. ಕೈ ಬಿಟ್ಟದ್ದು ಎಂದೆ. ಅವಳು ನನ್ನ ಕಣ್ಣು ಒರೆಸಿದಳು. ಅವಳ ಕೈಯೆಲ್ಲ ಮೀನಿನ ವಾಸನೆ. ಅಷ್ಟು ಒಳ್ಳೆಯ ವಾಸನೆ ನಾನು ಕಂಡಿಲ್ಲ.

ಮಾವನಿಗೆ ನಮಸ್ಕಾರ ಹೇಳು. ಅವ್ವ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾಳೆ, ಸಿಟ್ಟಿನಲ್ಲಿಯೇ.

ನಿನ್ನ ತಮ್ಮ,
ಪರಪ್ಪ

ತಾ.ಕ.: ಮಾವ ಬರುವುದಾದರೆ ಬರಲಿ, ದಾದರಿನಲ್ಲೇ ಇಳಿಯಲಿ. ಎದುರುಗೊಳ್ಳಲು ನೀಲಾ ಬರುತ್ತಾಳೆ. ನಾನು ಹಿಂದೆ ಇರುತ್ತೇನೆ, ಬಾಯಿ ಮಾತ್ರ ತೆರೆಯುವುದಿಲ್ಲ. ಆ ಸೇತುವೆ ದಾಟಿಸಿ ಅಪ್ಪನನ್ನು ಕಾಂದಿವಲಿಗೆ ಅವಳೇ ಕರೆತರಲಿ. ಆಮೇಲೂ ಶಾಲೆ ಬಿಡಿಸಬೇಕು ಅನ್ನಿಸಿದರೆ ಅವಳ ಟ್ರಂಕನ್ನು ನಾನೇ ಹೊತ್ತು ತರುತ್ತೇನೆ. ಹದಿನೆಂಟರ ಮಗ್ಗಿಯನ್ನು ಮಾವ ದಾರಿಯಲ್ಲಿ ಕೇಳಲಿ, ಆದರೆ ಸ್ವಲ್ಪ ತಡೆಯಲಿ.