ಚಿಕ್ಕ ರೂಮಿಗೆ ಮಂಚ ಹಾಕಿಸಿದ್ದು

ಅಕ್ಕಾ,

ಮನೆ ಮಾರುತ್ತಿದ್ದೇನೆ. ಬೆಳಿಗ್ಗೆ ಬ್ರೋಕರ್ ಹೆಂಗಸು ಬಂದಿದ್ದಳು. ಹಿಂದಿನ ಚಿಕ್ಕ ರೂಮಿನ ಬಾಗಿಲು ತೆಗೆದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದೇನ್ರೀ, ಗೋಡೌನ್ ಮಾಡಿಟ್ಟಿದ್ದೀರಾ? ಇಲ್ಲಿ ಒಬ್ರು ಆರಾಮಾಗಿ ಇರಬಹುದು ಅಂತ ನೋಡೋಕೆ ಬಂದವರಿಗೆ ಅನಿಸ್ಬೇಕು."

ಇಬ್ಬರೂ ಸೇರಿ ಹಳೇ ಪೇಪರು, ಕೆಟ್ಟ ಫ್ಯಾನು, ಕಾಲು ಮುರಿದ ಕುರ್ಚಿ ಎಲ್ಲ ಹೊರಗೆ ಹಾಕಿದೆವು. ಅವಳು ತರಿಸಿದ ಒಂಟಿ ಮಂಚ ಕಿಟಕಿಯ ಪಕ್ಕ ಸಲೀಸಾಗಿ ಕೂತಿತು. ಅದರ ಪಕ್ಕ ಒಂದು ಮೇಜೂ ಹಿಡಿಯಿತು.

ಭಾವ ತೀರಿಕೊಂಡ ಮೇಲೆ ನೀನು ಫೋನು ಮಾಡಿ, "ಸ್ವಲ್ಪ ದಿನ ನಿನ್ನ ಹತ್ರ ಬಂದು ಇರ್ಲೇನೇ?" ಅಂತ ಕೇಳಿದೆ. "ಆ ರೂಮಲ್ಲಿ ಒಂದು ಮಂಚಾನೂ ಹಿಡಿಯಲ್ಲ ಕಣಕ್ಕಾ" ಅಂದೆ ನಾನು. ಅಳತೆ ಮಾಡಿ ನೋಡಿರಲಿಲ್ಲ. "ಅಯ್ಯೋ, ಹೋಗ್ಲಿ ಬಿಡು" ಅಂದು ನೀನು ನನ್ನ ಮಂಡಿನೋವು ವಿಚಾರಿಸಿದೆ. ವರ್ಷ ತುಂಬುವ ಮುಂಚೆ ನೀನೂ ಹೊರಟುಹೋದೆ.

ಸಂಜೆ ಮನೆ ನೋಡಲು ಬಂದ ಹೆಂಗಸೊಬ್ಬಳು ಹೊಸ ಹೊದಿಕೆಯನ್ನು ಸವರುತ್ತಾ, "ಎಷ್ಟು ಚೆನ್ನಾಗಿದೆ! ಇದು ಯಾರ ರೂಮು?" ಅಂತ ಕೇಳಿದಳು.

ಬ್ರೋಕರ್ ಬಾಯಿ ತೆರೆಯುವಷ್ಟರಲ್ಲಿ, "ನಮ್ಮಕ್ಕಂದು" ಅಂದುಬಿಟ್ಟೆ.