ಸಂಜೆ ಏಳರ ನೋವು

ಬಾಗಲಗುಂಟೆ
14 ಜುಲೈ 2025

ಪ್ರೀತಿಯ ದಿಲ್ಶಾದ್,

ಹೇಗಿದ್ದೀಯೇ? ತುಮಕೂರಿನ ಹೊಸ ಮನೆ ಒಗ್ಗಿತಾ? ಎರಡು ತಿಂಗಳಿಂದ ಉತ್ತರ ಬರೆಯದ ಈ ಸೋಮಾರಿಯನ್ನು ಮನಸಾರೆ ಬೈದುಬಿಡು. ಫೋನ್ ಮಾಡೋಣವೆಂದರೆ ನಿನಗೆ ಬಿಡುವಾಗುವುದೇ ರಾತ್ರಿ, ಆಗ ನಮ್ಮ ಯಜಮಾನರು ಪಕ್ಕದಲ್ಲೇ ಇರುತ್ತಾರೆ.

ಬೆನ್ನುಹುರಿಯ ಹತ್ತಿರ ತಂತಿ, ಸೊಂಟದೊಳಗೆ ನೋವು ತಗ್ಗಿಸಲು ಸಣ್ಣಗೆ ಕರೆಂಟ್ ಬಿಡುವ ಬೆಂಕಿಪೊಟ್ಟಣದಷ್ಟು ಯಂತ್ರ, ಕೈಯಲ್ಲಿ ಅದರ ರಿಮೋಟ್. ಆಪರೇಷನ್ ಆಗಿ ಐದು ತಿಂಗಳಾಯಿತು. ಕಾಲುನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಎಂಟಿದ್ದದ್ದು ಮೂರಕ್ಕೆ ಇಳಿದಿದೆ. ಮೊನ್ನೆ ಹೆಸರಘಟ್ಟ ರಸ್ತೆಯವರೆಗೆ ನಡೆದು ಸೊಪ್ಪು ತಂದೆ. ನಿಂತೇ ಹನ್ನೆರಡು ದೋಸೆ ಹುಯ್ದೆ! ಗಾರ್ಮೆಂಟ್ಸಿನಲ್ಲಿ ನಿನ್ನ ಪಕ್ಕ ಹೊಲಿಯುತ್ತಿದ್ದವಳು ವಾಪಸ್ ಬಂದಿದ್ದಾಳೆ ಅಂದುಕೋ.

ಆದರೆ ಒಂದು ಕಳ್ಳಾಟ ಆಡಿ ಸಿಕ್ಕಿಬಿದ್ದೆ. ಇವರು ಪೀಣ್ಯದ ಫ್ಯಾಕ್ಟರಿಯಿಂದ ಬರುವುದು ಏಳಕ್ಕೆ. ನಾನು ಆರಕ್ಕೇ ಯಂತ್ರ ಆಫ್ ಮಾಡುತ್ತಿದ್ದೆ. ಬಂದವರು "ಇವತ್ತು ನೋವು ಎಷ್ಟು?" ಎಂದರೆ "ಏಳು" ಎನ್ನುತ್ತಿದ್ದೆ. ಸುಳ್ಳಂತೂ ಅಲ್ಲ. ಎಣ್ಣೆ ಬಿಸಿಮಾಡಿ, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದರು. ಫ್ಯಾಕ್ಟರಿ ಸುದ್ದಿಯೆಲ್ಲ ಆಗಲೇ ಹೊರಬರುತ್ತಿತ್ತು. ಆರು ವರ್ಷದ ಹಿಂದೆ ನೋವು ಶುರುವಾಗಿ ಇವರು ಕಾಲು ಒತ್ತತೊಡಗಿದಾಗ, "ಗಂಡ್ಸು ಹೆಂಡ್ತಿ ಕಾಲ್ ಮುಟ್ಟದಾ?" ಎಂದು ಅತ್ತೆ ಅಂಜಿನಮ್ಮ ಸಿಡಿದಿದ್ದರು. "ನೋವಿಗೆ ಶಾಸ್ತ್ರ ಏನಮ್ಮ," ಎಂದು ಇವರೇ ಬಾಯಿ ಮುಚ್ಚಿಸಿದ್ದರು.

ಕಳೆದ ವಾರ ಆಸ್ಪತ್ರೆಯಲ್ಲಿ ಮೋನಿಷಾ ಎಂಬ ಹುಡುಗಿ ಯಂತ್ರದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನೋಡಿದಳು. "ಆಂಟಿ, ದಿನಾ ಸಂಜೆ ಆರಕ್ಕೆ ಆಫ್ ಮಾಡ್ತಿದ್ದೀರಲ್ಲ, ಯಾಕೆ?" ಇವರ ಎದುರಿಗೇ! "ಚಾರ್ಜ್ ಉಳಿಸೋಕೆ ಕಣಮ್ಮ," ಎಂದೆ. ಅವಳು ನಕ್ಕಳು. ಇವರು ನಗಲಿಲ್ಲ.

ಆಟೋ ಹೆಬ್ಬಾಳ ದಾಟಿದ ಮೇಲೆ, "ದಿನವಿಡೀ ನಿಂತು ಬಂದಿರ್ತೀನಿ ಧನಾ. ನಿಂಗೆ ನೋವು ಅಂತ ತಾನೇ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾಚಿಕೆಯಿಂದ ಸತ್ತೇಹೋದೆ.

ನಿನ್ನ ಮಗಳಿಗೆ ಹೆರಿಗೆ ಸುಸೂತ್ರವಾಗಲಿ, ಮಗು ಗುಂಡುಗುಂಡಾಗಿರಲಿ. ಬಾಣಂತನಕ್ಕೆ ಕರೆ, ಬರುತ್ತೇನೆ. ಈಗ ಬಸ್ಸಿನಲ್ಲಿ ಕೂರಬಲ್ಲೆ.

ನಿನ್ನ,
ಧನಲಕ್ಷ್ಮಿ

ತಾ.ಕ.: ಆವತ್ತಿನಿಂದ ಯಂತ್ರ ಆಫ್ ಮಾಡಿಲ್ಲ. ಇವರು ಈಗಲೂ "ಎಷ್ಟು?" ಎನ್ನುತ್ತಾರೆ. "ಮೂರು" ಎನ್ನುತ್ತೇನೆ. "ಒಳ್ಳೇದಾಯ್ತು ಬಿಡು," ಎಂದು ಟಿವಿ ಮುಂದೆ ಕೂರುತ್ತಾರೆ. ನೋವಿದ್ದಾಗ ಕೇಳುವುದೇ ಬೇಕಿರಲಿಲ್ಲ. ನೋವಿಲ್ಲದ ಕಾಲನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ಗಂಡನನ್ನು ಹೇಗೆ ಕೇಳುತ್ತಾರೆ ದಿಲ್ಶಾದ್? ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ನನಗೆ ಗೊತ್ತಿಲ್ಲ.