ಸೀರಿಯಸ್ ಆಗಿ ಕೇಳುದು

ಕಡಬ

ಟೈಲರ್ ಕಮಲಾವತಿಯವರಿಗೆ ಜೀಪಿನ ಡೊಂಬಯ್ಯನ ನಮಸ್ಕಾರ.

ಎಲ್ಲರ ಹಾಗೆ 'ಅಕ್ಕ' ಅಂತ ಬರೀಲಿಕ್ಕೆ ಮನಸ್ಸಾಗಲಿಲ್ಲ.

ಮೊನ್ನೆ ಜೀಪು ತುಂಬ ಜನ ಇರುವಾಗ "ನನ್ನನ್ನು ಮದುವೆ ಆಗ್ತೀರಾ?" ಅಂತ ಕೇಳಿದೆ. ಎಲ್ಲರೂ ನಗಾಡಿದರು. ನೀವು ಮಾತ್ರ "ಒಂದು ದಿನವಾದರೂ ಸೀರಿಯಸ್ ಆಗುದುಂಟಾ ಮಾರಾಯ್ರೆ?" ಅಂತ ಹೇಳಿ ಅಂಗಡಿ ಎದುರು ಇಳಿದು ಹೋದಿರಿ.

ನನಗೆ ಗೊತ್ತಿದ್ದ ಸೀರಿಯಸ್ ಅಂದರೆ, ರೋಗಿಯನ್ನು ಮಲಗಿಸಿಕೊಂಡು ಹಾರ್ನ್ ಹೊಡೀತಾ ಪುತ್ತೂರಿನ ಆಸ್ಪತ್ರೆಗೆ ಓಡುದು. ಅದಕ್ಕೆ ಶಾಲೆಯ ಹರಿಪ್ರಸಾದ್ ಮಾಷ್ಟ್ರ ಹತ್ತಿರ ಕೇಳಿದೆ. "ಮೋರೆ ದಪ್ಪ ಮಾಡುದಲ್ಲ ಡೊಂಬಯ್ಯ, ಹೇಳಿದ್ದು ಮನಸ್ಸಿನಿಂದ ಬರಬೇಕು" ಅಂದರು. ಹಾಗಾದರೆ ಮೊನ್ನೆಯೂ ನಾನು ಸೀರಿಯಸ್ಸೇ. ಜನರೆದುರು ಕೇಳಿದ್ದು ಹೆದರಿಕೆಗೆ. ನೀವು ಬೇಡ ಅಂದರೆ ತಮಾಷೆ ಅಂತ ತಪ್ಪಿಸಿಕೊಳ್ಳಬಹುದಲ್ಲ.

ಸೋಮವಾರ ಅಂಗಡಿ ಮುಚ್ಚಿ ಬರುವಾಗ, ನಿಮಗೆ ಒಪ್ಪಿಗೆ ಇದ್ದರೆ ನನ್ನ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಆ ದಿನ ಅಲ್ಲಿ ಬೇರೆ ಯಾರನ್ನೂ ಕೂರಿಸುದಿಲ್ಲ. ಇಲ್ಲದಿದ್ದರೆ ಯಾವಾಗಿನ ಹಾಗೆ ಹಿಂದೆ ಕೂತುಕೊಳ್ಳಿ. ನಾನು ಎಂತದೂ ಕೇಳುದಿಲ್ಲ. ಮಳೆ ಬಂದರೆ ನಿಮ್ಮ ಜಗಲಿಯವರೆಗೂ ಜೀಪು ತರ್ತೇನೆ, ಕಾಲು ಒದ್ದೆಯಾಗುದು ಬೇಡ.

ಇಂತಿ,
ಬಸ್‌ಸ್ಟ್ಯಾಂಡಿನಲ್ಲೇ ಇರುವ
ಡೊಂಬಯ್ಯ